ಬೋಟ್ ಮೋಟಾರಿನ ಗೇರ್ ಕೇಸ್ ಬಿಚ್ಚದೆ ವೆಲ್ಡಿಂಗ್ ಮಾಡ್ತೀವಿ ಅಂದರೆ ಕೊಡಬೇಡಿ

ಮುನಿರಾಬಾದ್ ಸುತ್ತಮುತ್ತ ತುಂಗಭದ್ರಾ ಹಿನ್ನೀರಿನಲ್ಲಿ ಮೋಟಾರ್ ಬೋಟು ಓಡಿಸುವವರು ಇದನ್ನು ಓದಿ. ಗೇರ್ ಕೇಸ್ (ಮೋಟಾರಿನ ಕೆಳತುದಿಯಲ್ಲಿ ಗೇರುಗಳು ಕೂರುವ ಅಲ್ಯೂಮಿನಿಯಂ ಎರಕದ ಕವಚ) ಬಿರುಕು ಬಿಟ್ಟಿದೆ ಅಂತ ಸಿಕ್ಕ ಅಂಗಡಿಗೆ ಹೊತ್ತುಕೊಂಡು ಹೋಗುವ ಮೊದಲೇ ಓದಿ. ನಮ್ಮ ಮಾವನ, ಬೋಟಿನ ಹಿಂಭಾಗಕ್ಕೆ ಹೊರಗೆ ತಗುಲಿಸುವ ಔಟ್‌ಬೋರ್ಡ್ ಮೋಟಾರಿಗೆ ಬಂಡೆಯಿಂದ ಆದ ಹಾನಿಗಿಂತ ರಿಪೇರಿಯಿಂದ ಆದ ಹಾನಿಯೇ ಜಾಸ್ತಿ.

ಬೇಸಿಗೆಯಲ್ಲಿ ಡ್ಯಾಮಿನ ಪರಿಸ್ಥಿತಿ ಗೊತ್ತೇ ಇದೆ ಅಲ್ವಾ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ನೀರು ಇಳಿದಾಗ ಬಂಡೆ ಎಲ್ಲಿ, ಹೂಳು ಎಲ್ಲಿ ಅಂತ ದಿನಾ ಹೋಗುವವರಿಗೂ ತಿಳಿಯಲ್ಲ. ಬೋಟು ನಿಧಾನಕ್ಕೇ ಹೋಗುತ್ತಿತ್ತು. ಟಣ್ ಅಂತ ಒಂದು ಸದ್ದು, ಅಷ್ಟೇ. ಮೋಟಾರು ಎತ್ತಿ ನೋಡಿದರೆ ಪ್ರೊಪೆಲ್ಲರ್ ಕೆಳಗಿನ ರೆಕ್ಕೆ (ಸ್ಕೆಗ್ ಅಂತಾರೆ) ಅರ್ಧ ಮುರಿದಿತ್ತು. ಅಲ್ಲಿಂದ ಸಣ್ಣ ಬಿರುಕೊಂದು ಮೇಲೆ ಹತ್ತಿ ಗೇರ್ ಕೇಸಿನ ಹೊಟ್ಟೆಗೆ ಸೇರಿತ್ತು. ಎಣ್ಣೆ ಜಿನುಗುತ್ತಿತ್ತು.

ಬಳ್ಳಾರಿಯ ಒಂದು ವೆಲ್ಡಿಂಗ್ ಅಂಗಡಿಗೆ ಒಯ್ದೆವು. ಹೆಸರು ಬೇಡ. ಲಾರಿ, ಟಿಪ್ಪರ್ ಕೆಲಸದಲ್ಲಿ ಅವರು ಗಟ್ಟಿಗರೇ. "ಚಿಂತಿ ಮಾಡಬ್ಯಾಡ್ರಿ ಅಣ್ಣಾರ, ಅಲ್ಯೂಮಿನಿಯಂ ದಿನಾ ಮಾಡ್ತೀವಿ, ಸಂಜಿಕ್ಕ ಬಂದು ಒಯ್ರಿ" ಅಂದರು. ಬಿಚ್ಚಬೇಕಲ್ವಾ ಅಂತ ಮಾವ ಕೇಳಿದರು. "ಬಿಚ್ಚೋದೇನೂ ಬ್ಯಾಡ್ರಿ, ಹೊರಗಿಂದನ ಆಗ್ತದ" ಅಂತ ಉತ್ತರ.

ಮಷಿನ್ ಸರಿಯಾಗೇ ಇತ್ತು, ಆರ್ಗಾನ್ ಗ್ಯಾಸಿನ ಟಿಗ್ ವೆಲ್ಡಿಂಗ್. ಕೆಟ್ಟದ್ದು ಮಾಡಿದ ರೀತಿ. ಎಣ್ಣೆ ಇಳಿಸಿ, ಬಟ್ಟೆಯಲ್ಲಿ ಒರೆಸಿ, ಅರ್ಥ್ ಕ್ಲಾಂಪನ್ನು ಸೀದಾ ಪ್ರೊಪೆಲ್ಲರ್ ಶಾಫ್ಟಿಗೆ ಕಚ್ಚಿಸಿದರು. ಹಾಗೆ ಮಾಡಿದರೆ ಕರೆಂಟು ಬೇರಿಂಗ್ ದಾಟಿಯೇ ಹೋಗಬೇಕು. ಒಳಗೆ ಕಿಡಿ ಹಾರಿ ಬೇರಿಂಗಿನಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಹೊರಗಿನವರಿಗೆ ಏನೂ ಕಾಣಲ್ಲ. ಬೆಸುಗೆ ಬಿದ್ದಲ್ಲೆಲ್ಲ ಕಪ್ಪು ಗುಳ್ಳೆ ಏಳುತ್ತಿತ್ತು, ಚಟಪಟ ಸಿಡಿಯುತ್ತಿತ್ತು, ಎಣ್ಣೆ ಸುಟ್ಟ ವಾಸನೆ. ಗುಳ್ಳೆ ಒಡೆದಲ್ಲಿ ಮತ್ತೆ ರಾಡ್ ಇಟ್ಟು ಮುಚ್ಚುವುದು, ಮತ್ತೆ ಗುಳ್ಳೆ, ಮತ್ತೆ ಮುಚ್ಚುವುದು. ಕೊನೆಗೆ ಗ್ರೈಂಡರ್ ಹಿಡಿದು ನುಣ್ಣಗೆ ಮಾಡಿ ಬೂದು ಪೇಂಟ್ ಹೊಡೆದರು. ನೋಡೋಕೆ ಹೊಸದೇ. ಕೇಸಿನ ಬದಲು ತಾನೇ ಸವೆದು ಅದನ್ನು ಉಳಿಸಲಿ ಅಂತ ಹಾಕಿರುವ ಆ್ಯನೋಡ್ ತುಂಡಿನ ಮೇಲೂ ಪೇಂಟ್! ಬಣ್ಣ ಮೆತ್ತಿದ ಆ್ಯನೋಡ್ ಇದ್ದೂ ಇಲ್ಲದಂತೆ.

ವರ್ಷಗಟ್ಟಲೆ ಎಣ್ಣೆಯಲ್ಲಿ ನೆನೆದ ಎರಕ ಅದು. ಬಿರುಕಿನ ಒಳಗೆಲ್ಲ ಎಣ್ಣೆ ಹೊಕ್ಕಿರುತ್ತದೆ. ಕಾಸಿದಾಗ ಅದು ಹೊಗೆಯಾಗಿ ಹೊರಗೆ ಬರುತ್ತದೆ, ಬೆಸುಗೆಯೆಲ್ಲ ತೂತು. ಜೊತೆಗೆ ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ಸೂಚನೆ ಕೊಡಲ್ಲ. ಶುದ್ಧ ಲೋಹವೇ 660 ಡಿಗ್ರಿಗೆ ಕರಗುತ್ತದೆ, ಎರಕದ್ದು ಅದಕ್ಕೂ ಮೊದಲೇ. ಆದರೆ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿ ದಾಟಬೇಕು. ಆ ಪೊರೆ ಒಡೆಯಲೆಂದೇ ಎಸಿ ಕರೆಂಟಿನಲ್ಲಿ ಮಾಡುವುದು. ಬಿಚ್ಚದೆ ಕಾಸಿದರೆ ಒಳಗಿನ ರಬ್ಬರ್ ಸೀಲು ಸುಡುತ್ತದೆ, ಬೇರಿಂಗ್ ಕೂರುವ ಜಾಗ ಸೊಟ್ಟಗಾಗುತ್ತದೆ.

ನಮಗೆ ಎಲ್ಲವೂ ಆಯಿತು. ಮೊದಲು ಚೆನ್ನಾಗೇ ಓಡಿತು. ಆಮೇಲೆ ಗೇರ್ ಹಾಕಿದಾಗಲೆಲ್ಲ ಗರಗರ ಸದ್ದು. ಡ್ರೈನ್ ಸ್ಕ್ರೂ ಬಿಚ್ಚಿದರೆ ಎಣ್ಣೆ ಹಾಲು ಜಾಸ್ತಿಯಾದ ಚಹಾದ ಬಣ್ಣ. ನೀರು ಸೇರಿತ್ತು. ಮಲ್ಪೆ ಕಡೆ ದಿನವೂ ಔಟ್‌ಬೋರ್ಡ್ ಕೆಲಸವನ್ನೇ ಮಾಡುವ ಒಬ್ಬರ ಹತ್ತಿರ ಬಿಚ್ಚಿಸಿದೆವು. ಸೀಲು ಗಟ್ಟಿಯಾಗಿ ಬಿರಿದಿತ್ತು, ಬೇರಿಂಗ್ ಉಗುರಿಗೆ ತಾಗುವಷ್ಟು ಒರಟು, ಪಿನಿಯನ್ (ಸಣ್ಣ ಗೇರು) ಹಲ್ಲು ಸವೆದು ಓರೆ. ಕೇಸಿನ ಜೊತೆ ಗೇರ್ ಸೆಟ್ಟೂ ಹೋಯಿತು. ಬಳ್ಳಾರಿಯವರಿಗೆ ಫೋನ್ ಮಾಡಿದರೆ ನಿಮ್ಮ ಎರಕವೇ ಸರಿ ಇಲ್ಲ ಅಂದರು.

ಹಾಗಾಗಿ ಮೊದಲು ಕೇಸನ್ನು ಪೂರ್ತಿ ಬರಿದು ಮಾಡಿಸಿ. ಗೇರು, ಬೇರಿಂಗು, ಸೀಲು ಒಂದೂ ಒಳಗಿರಬಾರದು. ಚೆನ್ನಾಗಿ ತೊಳೆದು, ಸ್ವಲ್ಪ ಬಿಸಿ ಮಾಡಿ, ಹೊರಬಂದ ಎಣ್ಣೆ ಒರೆಸಿ, ಮತ್ತೆ ತೊಳೆಯಬೇಕು. ಇದಕ್ಕೆ ತಾಳ್ಮೆ ಇಲ್ಲದ ಅಂಗಡಿಯಾದರೆ ಅಲ್ಲಿಂದಲೇ ವಾಪಸ್ ಬನ್ನಿ. ಬಿರುಕಿನ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದೆ ಓಡಲ್ಲ. ಆಮೇಲೆ ಬಿರುಕನ್ನು ವಿ ಆಕಾರಕ್ಕೆ ತೆಗೆದು ಬೆಸೆಯಬೇಕು. ಯಾವ ರಾಡ್ ಅಂತ ಕೇಳಿ. ಸಿಲಿಕಾನ್ ಇರುವ 4043 ಅಥವಾ 4047 ಅಂದರೆ ಅವರಿಗೆ ಎರಕದ ಕೆಲಸ ಗೊತ್ತು ಅಂತ ತಿಳಿಯಬಹುದು. ಬರೀ ಸ್ಕೆಗ್ ಮುರಿದಿದ್ದರೆ ಧೈರ್ಯವಾಗಿ ಮಾಡಿಸಿ. ಬಿರುಕು ಬೇರಿಂಗ್ ಕೂರುವ ಜಾಗ ದಾಟಿದ್ದರೆ ಸುಮ್ನೆ ದುಡ್ಡು ಸುರಿಯಬೇಡಿ, ಬೇರೆ ಕೇಸ್ ಹುಡುಕಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಮಾಡೆಲ್ಲು, ಗೇರ್ ರೇಶಿಯೋ ಹೊಂದಬೇಕು. ಎಪಾಕ್ಸಿ ಮೆತ್ತು ಅನ್ನುವವರೂ ಸಿಗ್ತಾರೆ. ಎಣ್ಣೆ ಜಿನುಗುವ ಬಿರುಕಿಗೆ ಅದು ನಿಲ್ಲಲ್ಲ.

ಎಂಜಿನ್ ಬೋಟಿನ ಒಳಗಿದ್ದು ಡ್ರೈವ್ ಮಾತ್ರ ಹಿಂದೆ ಹೊರಗಿರುವ ಸ್ಟರ್ನ್‌ಡ್ರೈವ್ ಇದ್ದರೂ ಇದೇ ಕಥೆ. ಅದೇ ಅಲ್ಯೂಮಿನಿಯಂ ಎರಕ, ಅದೇ ಥರದ ಗೇರು, ಸೀಲು. ಖರ್ಚು ಮಾತ್ರ ಇನ್ನೂ ಜಾಸ್ತಿ.

ಹೊಸ ಸೀಲು ಹಾಕಿ ಜೋಡಿಸಿದ ಮೇಲೆ, ಎಣ್ಣೆ ತುಂಬುವ ಮೊದಲು, ಗಾಳಿ ಹಾಕಿ ನೋಡದೆ ದುಡ್ಡು ಕೊಡಬೇಡಿ. ಪಂಕ್ಚರ್ ಅಂಗಡಿ ಕಂಪ್ರೆಸರ್ ಬೇಡವೇ ಬೇಡ, ಸೀಲು ಕಿತ್ತು ಬರುತ್ತದೆ. ಗೇಜ್ ಇರುವ ಕೈಪಂಪಿನಲ್ಲಿ 10ರಿಂದ 15 ಪಿಎಸ್‌ಐ ಸಾಕು, ನಿಮ್ಮ ಮೋಟಾರಿನ ಮ್ಯಾನ್ಯುಯಲ್‌ನಲ್ಲಿ ಬೇರೆ ಇದ್ದರೆ ಅಷ್ಟೇ ಹಾಕಿ. ಶಾಫ್ಟ್ ತಿರುಗಿಸುತ್ತಾ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ, ಮುಳ್ಳು ಇಳಿದರೆ, ಅಲ್ಲೇ ಬಿಟ್ಟು ಬನ್ನಿ. ಪಾಸಾದರೂ ಮೊದಲ ಸಲ ಓಡಿಸಿ ಬಂದ ಮೇಲೆ ಮೋಟಾರನ್ನು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ, ಕೆಳಗಿನ ಸ್ಕ್ರೂ ಸಡಿಲ ಮಾಡಿ ಒಂದೆರಡು ಹನಿ ಬಿಳಿ ಕಾಗದದ ಮೇಲೆ ಬೀಳಿಸಿ ನೋಡಿ. ಮೊದಲು ನೀರು ಬಂದರೂ ಅಷ್ಟೇ, ಹಾಲುಬಣ್ಣ ಕಂಡರೂ ಅಷ್ಟೇ, ಮತ್ತೆ ಬಿಚ್ಚಿಸುವವರೆಗೆ ಸ್ಟಾರ್ಟ್ ಮಾಡಬೇಡಿ.