‘ಕರ್ತಾರನ ಕಮ್ಮಟ’ ಬಿಡಿಸಲು ವಚನ ಸಂಚಯ ಎಷ್ಟು ನೆರವಾಗುತ್ತದೆ?

ಹುಟ್ಟು, ಸಾವು, ಸಾವಿನಾಚೆಯ ಲೋಕದ ಬಗ್ಗೆ ಶರಣರು ಏನು ಹೇಳಿದ್ದಾರೆಂದು ಹುಡುಕುವವರು ‘ವಚನ ಸಂಚಯ’ ಜಾಲತಾಣವನ್ನು ಬಳಸಲೇಬೇಕು. 20 ಸಾವಿರಕ್ಕೂ ಹೆಚ್ಚು ವಚನಗಳು ಉಚಿತವಾಗಿ ಸಿಗುತ್ತವೆ. ಒಂದು ಪದ ಕೊಟ್ಟರೆ ಅದು ಯಾರ ಯಾವ ವಚನದಲ್ಲಿ ಬಂದಿದೆ ಎಂಬುದು ಕಣ್ಣೆದುರಿಗೆ ಬರುತ್ತದೆ. ಅರ್ಥ ಬಿಡಿಸುವ ಕೆಲಸ ಮಾತ್ರ ನಮ್ಮದೇ.

ಬಸವಣ್ಣನವರ ‘ಮರ್ತ್ಯಲೋಕವೆಂಬುದು ಕರ್ತಾರನ ಕಮ್ಮಟವಯ್ಯಾ’ ವಚನವನ್ನೇ ತೆಗೆದುಕೊಳ್ಳಿ. ಕಾವ್ಯ ಕಮ್ಮಟಗಳ ಕಾಲದ ನಾವು ಕಮ್ಮಟವನ್ನು ಕಾರ್ಯಾಗಾರ ಎಂದು ಓದಿದರೆ ಭೂಮಿ ತರಬೇತಿ ಶಿಬಿರವಾಗಿಬಿಡುತ್ತದೆ. ‘ಇಲ್ಲಿ ಸಲ್ಲುವರು ಅಲ್ಲಿಯೂ ಸಲ್ಲುವರಯ್ಯಾ’ ಎಂಬ ಮುಂದಿನ ಸಾಲಿಗೆ ನೆಲೆಯೇ ಇರುವುದಿಲ್ಲ. ಹಳಗಾಲದ ಕಮ್ಮಟ ನಾಣ್ಯ ಹೊಯ್ಯುವ ಟಂಕಸಾಲೆ. ಹಾಗೆ ಓದಿದರೆ ಹುಟ್ಟುವುದೆಂದರೆ ಅಚ್ಚಿಗೆ ಬೀಳುವುದು, ಬದುಕುವುದೆಂದರೆ ಚಲಾವಣೆ. ಪೇಟೆಯಲ್ಲಿ ನಡೆಯದ ಖೋಟಾ ನಾಣ್ಯ ಖಜಾನೆಯಲ್ಲೂ ನಡೆಯದು.

ಇನ್ನು ‘ಅಲ್ಲಿ’ ಎಂದರೆ ಎಲ್ಲಿ? ಈ ಪ್ರಶ್ನೆಗೇ ತಾಣ ಹೆಚ್ಚು ಉಪಯೋಗಕ್ಕೆ ಬರುವುದು. ‘ಮರ್ತ್ಯಲೋಕ’ದ ಬೆನ್ನು ಹಿಡಿದು ಹೋದರೆ ಬಸವಣ್ಣನವರದೇ ಕೂಡಲಸಂಗಮದೇವ ಅಂಕಿತದ (ಅಂಕಿತವೆಂದರೆ ವಚನದಲ್ಲಿ ಸಹಿಯಂತೆ ಬರುವ ಹೆಸರು) ‘ದೇವಲೋಕ ಮರ್ತ್ಯಲೋಕವೆಂಬುದು ಬೇರಿಲ್ಲ ಕಾಣಿಭೋ’ ಎದುರಾಗುತ್ತದೆ. ಆಚಾರವೇ ಸ್ವರ್ಗ, ಅನಾಚಾರವೇ ನರಕ ಎಂದವರ ‘ಅಲ್ಲಿ’ಯನ್ನು ಸತ್ತ ಮೇಲೆ ಸಿಗುವ ಬಹುಮಾನಕ್ಕೆ ಇಳಿಸುವುದು ತಪ್ಪೆಂದೇ ನಮ್ಮ ಅಭಿಪ್ರಾಯ. ಅಲ್ಲಮ ಇನ್ನೂ ನಿಷ್ಠುರ: ಸತ್ತ ಬಳಿಕ ಮುಕ್ತಿ ಪಡೆಯುತ್ತೇನೆಂದು ಪೂಜಿಸಹೋದರೆ ಆ ದೇವರು ಏನು ಕೊಟ್ಟಾರು ಎಂದೇ ಕೇಳುತ್ತಾನೆ. ಆದರೆ ಅಲ್ಲಮನ ಗುಹೇಶ್ವರ ಅಂಕಿತದ ಉತ್ತರವನ್ನು ತಂದು ಬಸವಣ್ಣನವರ ಬಾಯಿಗೆ ತುರುಕಬಾರದು. ಮೊದಲು ಒಬ್ಬರದೇ ವಚನಗಳನ್ನು ಜೋಡಿಸಿ ಓದಿ, ಆಮೇಲೆ ಬೇರೆಯವರ ಹತ್ತಿರ ಹೋಗಿ.

ಒಂದೇ ರೂಪ ಹುಡುಕಿ ಕೈಬಿಡಬೇಡಿ: ಸಲ್ಲುವರು, ಸಲ್ಲರು, ಸಲ್ಲದವರು ಎಲ್ಲವನ್ನೂ ಕೊಟ್ಟು ನೋಡಿ. ‘ಭವ’ ಹುಟ್ಟುಸಾವಿನ ಸುತ್ತು. ‘ಭವಿ’ ಲಿಂಗದೀಕ್ಷೆ ಇಲ್ಲದವನು. ಇವೆರಡನ್ನು ಒಂದೇ ಎಂದುಕೊಂಡರೆ ವ್ಯಾಖ್ಯಾನ ಪೂರ್ತಿ ದಾರಿ ತಪ್ಪುತ್ತದೆ. ಬರೆದು ಪ್ರಕಟಿಸುವವರು ತಾಣದಲ್ಲಿ ಸಿಕ್ಕ ವಚನದ ಪಾಠವನ್ನು ರಾಜ್ಯ ಸರ್ಕಾರ ತಂದ 15 ಸಂಪುಟಗಳ ಸಮಗ್ರ ವಚನ ಸಂಪುಟದೊಂದಿಗೆ ಹೋಲಿಸಿಕೊಳ್ಳಬೇಕು. ಒಗಟಿನಂತೆ ಅರ್ಥ ಮರೆಸಿಟ್ಟ ಬೆಡಗಿನ ವಚನಗಳಿಗಂತೂ ಪದಶೋಧ ಸಾಲದು, ಅರ್ಥ ವಿವರಿಸುವ ಹಳೆಯ ಟೀಕೆಗಳನ್ನು ಪಕ್ಕದಲ್ಲಿಟ್ಟುಕೊಂಡೇ ಕೂರಬೇಕು.