ಕಾರು ಲಿಫ್ಟ್ ಮೇಲಿತ್ತು, ನಾನು ವಾಷರ್ ತರಲು ಎದ್ದಿದ್ದೆ

ಮನೆಯ ಗ್ಯಾರೇಜಿನಲ್ಲಿ ಲಿಫ್ಟ್ ಮೇಲಿದ್ದ ನನ್ನ ಕಾರು ಕುಸಿದು ಬಿತ್ತು. ಮೊದಲೇ ಹೇಳಿಬಿಡುತ್ತೇನೆ, ನನಗೆ ಏನೂ ಆಗಿಲ್ಲ. ಕಾರಿನ ಎಡಗಡೆ ಬಾಗಿಲ ಕೆಳಗಿನ ಅಂಚು ಒಂದು ಗೇಣು ಉದ್ದ ಮಡಚಿಕೊಂಡಿದೆ. ಬಲಗಡೆ ಕೆಳಗೆ ನಿಲ್ಲಿಸಿದ್ದ ಹೊಸ ಆಯಿಲ್ ಕ್ಯಾನು ಅಪ್ಪಚ್ಚಿಯಾಗಿದೆ. ನೆಲದ ಕಲೆ ಎಷ್ಟು ಉಜ್ಜಿದರೂ ಹೋಗಿಲ್ಲ. ಅಷ್ಟೇ ನಷ್ಟ. ಆದರೆ ಆ ಕ್ಯಾನಿನ ಪಕ್ಕದಲ್ಲೇ ಎರಡು ನಿಮಿಷ ಮುಂಚೆ ನಾನು ಅಂಗಾತ ಮಲಗಿದ್ದೆ. ಕಾರಿನ ಆ ಬದಿ ಟೈರಿನ ಮೇಲೆ ಕೂತಾಗ ಅದರ ಹೊಟ್ಟೆಗೂ ನೆಲಕ್ಕೂ ಉಳಿದ ಜಾಗ 17 ಸೆಂಟಿಮೀಟರ್. ನನ್ನ ಎದೆ ಅದರಲ್ಲಿ ಹಿಡಿಸುವುದಿಲ್ಲ. ಆಮೇಲೆ ಟೇಪು ಹಿಡಿದು ಅಳೆದು ನೋಡಿದೆ, ಯಾಕೆ ಅಳೆದೆನೋ ಗೊತ್ತಿಲ್ಲ.

ಮನೆಯಲ್ಲೇ ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ಎಲ್ಲ ನನಗೆ ಹೊಸದಲ್ಲ. ಪ್ರತಿ ಸಲ ಜ್ಯಾಕ್ ಹಾಕು, ಎತ್ತಿದ ಕಾರಿಗೆ ಆಸರೆಯಾಗಿ ಸ್ಟ್ಯಾಂಡ್ ಇಡು, ಇನ್ನೊಂದು ಬದಿಗೆ ಹೋಗು, ಮತ್ತೆ ಜ್ಯಾಕ್ ಹಾಕು ಅಂತ ಬೇಸತ್ತು ಒಂದು ಪೋರ್ಟಬಲ್ ಲಿಫ್ಟ್ ತರಿಸಿದೆ. ಎರಡು ಉದ್ದನೆ ಕಬ್ಬಿಣದ ಫ್ರೇಮು, ಆಯಿಲ್ ತಳ್ಳುವ ಒಂದು ಪಂಪು, ಆ ಆಯಿಲ್ ಫ್ರೇಮಿಗೆ ಒಯ್ಯುವ ನಾಲ್ಕು ಹೋಸು, ನಾಲ್ಕು ರಬ್ಬರ್ ಬ್ಲಾಕು. ಫ್ರೇಮುಗಳನ್ನು ಕಾರಿನ ಕೆಳಗೆ ಒಂದೊಂದು ಬದಿಗೆ ತಳ್ಳಿ ಬಟನ್ ಒತ್ತಿದರೆ ನಾಲ್ಕೂ ಟೈರು ಒಟ್ಟಿಗೆ ಗಾಳಿಯಲ್ಲಿ. ಕೆಲಸ ಮುಗಿದ ಮೇಲೆ ಫ್ರೇಮುಗಳನ್ನು ಗೋಡೆಗೆ ಒರಗಿಸಿಟ್ಟರೆ ಆಯಿತು. ವಿಡಿಯೋದಲ್ಲಿ ನೋಡಿದಾಗ ಸ್ವರ್ಗ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಕೊಳ್ಳುವಾಗ ನಾನು ನೋಡಿದ್ದು ಒಂದೇ, ಎಷ್ಟು ಭಾರ ಎತ್ತುತ್ತದೆ ಅಂತ. ಮೂರು ಟನ್ ಅಂತ ಬರೆದಿತ್ತು. ನನ್ನ ಕಾರು 1,400 ಕಿಲೋ. ಎರಡರಷ್ಟು ತಾಕತ್ತಿದೆ, ಇನ್ನೇನು ಬೇಕು ಅಂದುಕೊಂಡೆ. ಆ ಮೂರು ಟನ್ ಎರಡೂ ಫ್ರೇಮು ಸೇರಿ, ಒಂದೊಂದರ ಲೆಕ್ಕ ಒಂದೂವರೆ ಟನ್. ಅದರ ಮೇಲೆ ಕಾರಿನ ಭಾರ ನಾಲ್ಕೂ ಮೂಲೆಗೆ ಸಮನಾಗಿ ಹಂಚಿರುವುದೂ ಇಲ್ಲ. ಇಂಜಿನ್ ಮುಂದಿದ್ದು ಮುಂದಿನ ಚಕ್ರಗಳೇ ಎಳೆಯುವ ಕಾರಿನಲ್ಲಿ ಸುಮಾರು ಶೇಕಡಾ 60ರಷ್ಟು ಭಾರ ಮುಂದೆಯೇ ಇರುತ್ತದೆ. ಆದರೂ ನನ್ನ ಕಾರಿಗೆ ಭಾರದ ತೊಂದರೆ ಆಗಲೇ ಇಲ್ಲ. ತೊಂದರೆ ಆದದ್ದು ಉದ್ದದಿಂದ.

ಕಾರನ್ನು ಎಲ್ಲೆಂದರಲ್ಲಿ ಎತ್ತುವ ಹಾಗಿಲ್ಲ ಅಲ್ವಾ, ಬಾಗಿಲ ಕೆಳಗಿನ ಅಂಚಿನಲ್ಲಿ ಮುಂದೊಂದು ಹಿಂದೊಂದು ಜ್ಯಾಕ್ ಪಾಯಿಂಟ್ ಇರುತ್ತದೆ, ಅಲ್ಲಿ ತಗಡು ದಪ್ಪ ಮಾಡಿ ಗಟ್ಟಿಗೊಳಿಸಿರುತ್ತಾರೆ. ಈ ಎರಡು ಪಾಯಿಂಟುಗಳ ನಡುವಿನ ದೂರ ಎಷ್ಟು, ಫ್ರೇಮಿನಲ್ಲಿ ರಬ್ಬರ್ ಬ್ಲಾಕ್ ಇಡುವ ತಟ್ಟೆಗಳು ಎಷ್ಟು ದೂರದವರೆಗೆ ಹೋಗುತ್ತವೆ ಅಂತ ಕೊಳ್ಳುವ ಮುಂಚೆ ಅಳೆಯಬೇಕಿತ್ತು. ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಅಳೆದು ಸುಮ್ನೆ ಅಂದಾಜು ಮಾಡಿದರೆ ಆಗುವುದಿಲ್ಲ. ನಾನು ಅದನ್ನೂ ಅಳೆದಿರಲಿಲ್ಲ ಬಿಡಿ. ಫ್ರೇಮು ಕೆಳಗೆ ತಳ್ಳಿ ನೋಡಿದರೆ ಮುಂದಿನ ಬ್ಲಾಕು ಸರಿಯಾಗಿ ಕೂತಿದೆ, ಹಿಂದಿನದು ಪಾಯಿಂಟಿಗೆ ನಾಲ್ಕು ಬೆರಳು ಎಟುಕುತ್ತಿಲ್ಲ. ಫ್ರೇಮನ್ನು ಹಿಂದಕ್ಕೆ ಎಳೆದರೆ ಮುಂದಿನದು ತಪ್ಪುತ್ತದೆ.

ಆ ಹೊತ್ತಿಗೆ ನಿಲ್ಲಿಸಿ ವಾಪಸ್ ಕಳಿಸಬೇಕಿತ್ತು. ಆದರೆ ಆ ಪೆಟ್ಟಿಗೆಗಳ ಭಾರ ನೋಡಿದವರಿಗೆ ಗೊತ್ತು, ಒಳಗೆ ತರುವಷ್ಟರಲ್ಲೇ ಸೊಂಟ ಹೋಗಿತ್ತು, ಮತ್ತೆ ಪ್ಯಾಕ್ ಮಾಡಿ ಕಳಿಸುವ ಮಾತೇ ಬೇಡ ಅನ್ನಿಸಿತು. ರಬ್ಬರ್ ಬ್ಲಾಕನ್ನು ತಟ್ಟೆಯ ತುದಿಗೆ ತಂದು, ಅದರ ಮೇಲೆ ಒಂದು ಮರದ ತುಂಡು ಇಟ್ಟು, ಅರ್ಧ ತಟ್ಟೆ ಮೇಲೆ ಅರ್ಧ ಹೊರಗೆ ಇರುವ ಹಾಗೆ ಹೊಂದಿಸಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಇನ್ನು ನೆಲ. ಗ್ಯಾರೇಜಿನ ನೆಲ ಕಣ್ಣಿಗೆ ಮಟ್ಟವಾಗಿ ಕಂಡರೂ ನೀರು ಹೊರಗೆ ಹರಿಯಲಿ ಅಂತ ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಘಟನೆ ಆದ ಮೇಲೆ ರಸಮಟ್ಟ ಇಟ್ಟು ನೋಡಿದೆ, ಬಾಗಿಲ ಕಡೆಗಷ್ಟೇ ಅಲ್ಲ, ಬಲಗಡೆಗೂ ಇಳಿಜಾರು. ಜೊತೆಗೆ ಈ ಬಗೆಯ ಫ್ರೇಮು ನೆಟ್ಟಗೆ ಮೇಲೆ ಹೋಗುವುದಿಲ್ಲ. ಮಲಗಿದ್ದ ಕಾಲುಗಳು ಎದ್ದು ನಿಲ್ಲುವಾಗ ಕಾರನ್ನು ಒಂದು ಕಡೆಗೆ ತಳ್ಳಿಕೊಂಡೇ ಏಳುತ್ತದೆ. ಕಾರಿನ ಮುಂದೆ ಗೋಡೆಯೋ ಬೀರುವೋ ಇದ್ದರೆ ಜಾಗ ಬಿಟ್ಟಿರಬೇಕು. ನನ್ನ ಕಾರು ಬೀರುವಿಗೆ ತಾಗಲು ಎರಡು ಬೆರಳು ಬಾಕಿ ಇತ್ತು, ಅದು ನನ್ನ ಪುಣ್ಯ. ಟೈಲ್ಸ್ ಹಾಕಿದ ನೆಲದ ಮೇಲಂತೂ ಇದನ್ನು ಇಡಲೇಬೇಡಿ, ಟೈಲ್ಸ್ ಒಡೆಯುತ್ತದೆ, ಒಡೆಯದಿದ್ದರೆ ಫ್ರೇಮು ಜಾರುತ್ತದೆ.

ಬಟನ್ ಒತ್ತಿದೆ. ಎಡಗಡೆ ಸರಾಗವಾಗಿ ಎದ್ದಿತು, ಬಲಗಡೆ ತಡವರಿಸಿಕೊಂಡು, ಒಂದೊಂದು ಸಲ ಝಟಕಾ ಹೊಡೆದುಕೊಂಡು ಮೇಲೆ ಬಂತು. ಹೀಗೆ ಆದರೆ ಹೋಸಿನಲ್ಲೋ, ಆಯಿಲ್ ತುಂಬಿ ಫ್ರೇಮನ್ನು ಎತ್ತುವ ಸಿಲಿಂಡರಿನಲ್ಲೋ ಗಾಳಿ ಇದೆ ಅಂತ ಅರ್ಥ. ಹೊಸ ಲಿಫ್ಟನ್ನು ಕಾರಿಲ್ಲದೆ ಖಾಲಿಯಾಗಿ ಹಲವು ಸಲ ಪೂರ್ತಿ ಎತ್ತಿ ಇಳಿಸಿ, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಒಳಗಿನ ಗಾಳಿ ಪೂರ್ತಿ ತೆಗೆಯಬೇಕು. ಎರಡೂ ಫ್ರೇಮು ಒಂದೇ ವೇಗದಲ್ಲಿ ಏಳುವವರೆಗೂ ಕಾರನ್ನು ಹತ್ತಿರ ತರಬಾರದು. ಲಿಫ್ಟಿನ ಜೊತೆ ಬಂದ ಪುಸ್ತಕದಲ್ಲಿ ಅದು ಇತ್ತು. ಆ ಪುಸ್ತಕದ ಭಾಷೆ ಯಾವ ದೇವರಿಗೆ ಪ್ರೀತಿಯೋ, ಆದರೆ ಚಿತ್ರ ಸರಿಯಾಗಿಯೇ ಇತ್ತು. ನಾನು ಒಂದು ಸಲ ಖಾಲಿ ಎತ್ತಿ ಇಳಿಸಿ ಸಾಕು ಅಂದಿದ್ದೆ.

ಈಗ ಮುಖ್ಯವಾದ ವಿಷಯ. ಇಂಥ ಲಿಫ್ಟನ್ನು ಮೇಲೆತ್ತುವುದು ಆಯಿಲ್ಲಿನ ಒತ್ತಡ. ಮೇಲೆ ಹಿಡಿದು ನಿಲ್ಲಿಸಬೇಕಾದದ್ದು ಕಬ್ಬಿಣದ ಲಾಕು. ಫ್ರೇಮು ಒಂದು ಎತ್ತರ ದಾಟಿದಾಗ ಲಾಕಿನ ಪಟ್ಟಿ ತಾನಾಗಿ ಜಾಗಕ್ಕೆ ಬೀಳುತ್ತದೆ. ಆಮೇಲೆ ಸ್ವಲ್ಪ ಇಳಿಸಿದರೆ ಫ್ರೇಮು ಆ ಪಟ್ಟಿಯ ಮೇಲೆ ಕೂರುತ್ತದೆ. ಆಗ ಹೋಸು ಕಿತ್ತು ಬಂದರೂ ಕಾರು ಕೆಳಗೆ ಬರುವುದಿಲ್ಲ. ಎಡ ಬಲ ಫ್ರೇಮುಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲ, ಎರಡಕ್ಕೂ ಬೇರೆ ಬೇರೆ ಲಾಕು.

ನನಗೆ 'ಟಕ್' ಅಂತ ಒಂದು ಸದ್ದು ಕೇಳಿತು. ಒಂದೇ ಸದ್ದು. ಎರಡೂ ಒಟ್ಟಿಗೆ ಬಿದ್ದಿರಬೇಕು ಅಂದುಕೊಂಡು ಇಳಿಸುವ ಬಟನ್ ಒತ್ತಿ ಬಿಟ್ಟೆ. ಎಡಗಡೆ ಲಾಕಿನ ಮೇಲೆ ಕೂತಿತು. ಬಲಗಡೆ ಹಿಂದೆ ಬಿದ್ದಿತ್ತಲ್ಲ, ಅದು ಲಾಕಿನ ಎತ್ತರಕ್ಕೆ ಇನ್ನೂ ಬಂದೇ ಇರಲಿಲ್ಲ. ಒಂಚೂರು ಕೆಳಗಿಳಿದು, ಬಟನ್ ಬಿಟ್ಟ ಕೂಡಲೇ ಅಲ್ಲೇ ನಿಂತಿತು. ನೋಡಿದರೆ ಎರಡೂ ಬದಿ ನಿಂತಿವೆ. ಬಲಗಡೆಯ ಏಳುನೂರು ಕಿಲೋ ಬರೀ ಆಯಿಲ್ ಮೇಲೆ ನಿಂತಿದೆ ಅಂತ ತಿಳಿಯಲು ಬಗ್ಗಿ ಆ ಪಟ್ಟಿಯನ್ನು ಕಣ್ಣಾರೆ ನೋಡಬೇಕಿತ್ತು. ಟಾರ್ಚ್ ಕೈಯಲ್ಲೇ ಇತ್ತು.

ಕೆಳಗೆ ಹೋದೆ. ಡ್ರೈನ್ ಬೋಲ್ಟ್ ಬಿಚ್ಚಿದೆ, ಹಳೆ ಆಯಿಲ್ ಸುರಿಯಿತು, ಫಿಲ್ಟರ್ ತೆಗೆದೆ. ಬಲಗಡೆ ಫ್ರೇಮಿನ ಹತ್ತಿರ ನೆಲ ಒದ್ದೆಯಾಗಿದ್ದು ಕಂಡಿತ್ತು. ಇಂಜಿನ್ ಆಯಿಲ್ ಸಿಡಿದಿರಬೇಕು ಅಂದುಕೊಂಡೆ. ಹಳೆ ಇಂಜಿನ್ ಆಯಿಲ್ ಕರ್ರಗಿರುತ್ತದೆ, ಅಲ್ಲಿದ್ದದ್ದು ತಿಳಿ ಬಣ್ಣದ್ದು. ಅದು ಈಗ ನೆನಪಾಗುತ್ತದೆ. ಹೋಸಿನ ಕನೆಕ್ಟರ್ ಪೂರ್ತಿ ಒಳಗೆ ಕೂತಿರಲಿಲ್ಲ, ಅದರೊಳಗಿನ ರಬ್ಬರ್ ರಿಂಗು ಸೀಳಿತ್ತು. ಮುಕ್ಕಾಲು ಗಂಟೆ ಹನಿ ಹನಿಯಾಗಿ ಸೋರಿದೆ, ಕಾರು ಬಲಕ್ಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ವಾಲಿದೆ. ಕೆಳಗೆ ಮಲಗಿದವನಿಗೆ ಅದು ಗೊತ್ತಾಗುವುದೇ ಇಲ್ಲ.

ಬೋಲ್ಟ್ ವಾಪಸ್ ಹಾಕುವಾಗ ಹೊಸ ವಾಷರ್ ತಂದಿಲ್ಲ ಅಂತ ನೆನಪಾಯಿತು. ಹಳೆಯದನ್ನೇ ಹಾಕಿಬಿಡೋಣ ಅಂತ ಅರ್ಧ ಮನಸ್ಸಿತ್ತು. ಯಾಕೋ ಎದ್ದು ಹೋದೆ. ಬೀರುವಿನ ಡ್ರಾ ಎಳೆದಿದ್ದೆ, ಅಷ್ಟರಲ್ಲಿ ಹಿಂದೆ ಮರ ಕರಕರ ಅಂದ ಸದ್ದು, ಅದರ ಬೆನ್ನಿಗೇ ಧಡ್ ಅಂತ ಇನ್ನೊಂದು. ಎಡಗಡೆ ಹಿಂದಿನ ಮರದ ತುಂಡು ಜಾರಿ, ಕಾರಿನ ಅಂಚು ಕಬ್ಬಿಣದ ಮೇಲೆ ಬಿದ್ದು ಮಡಚಿಕೊಂಡಿತ್ತು. ಭಾರವೆಲ್ಲ ಒಮ್ಮೆಲೇ ಬಲಕ್ಕೆ ಬಂದು ಕನೆಕ್ಟರ್ ಕಳಚಿತು, ಬಲಗಡೆ ಪೂರ್ತಿ ಕೂತಿತು. ಆಯಿಲ್ ಚಿಮ್ಮಿ ಗೋಡೆಗೆಲ್ಲ ರಾಚಿತ್ತು.

ಇಲ್ಲೇ ಇನ್ನೊಂದು ಮಾತು. ಹೋಸ್ ಸೋರುತ್ತಿದೆ ಅನ್ನಿಸಿದರೆ ಕೈ ಸವರಿ ನೋಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ನೋವೂ ಮೊದಲಿಗೆ ಕಡಿಮೆ. ಆದರೆ ತಡ ಮಾಡಿದರೆ ಬೆರಳೋ ಕೈಯೋ ಕತ್ತರಿಸಬೇಕಾಗಬಹುದು. ಅಂಥದ್ದು ಆದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಸೋರಿಕೆ ಹುಡುಕಲು ಹೋಸಿನ ಹತ್ತಿರ ಒಂದು ರಟ್ಟಿನ ತುಂಡು ಹಿಡಿದರೆ ಸಾಕು.

ಮಾರಿದವರಿಗೆ ಫೋಟೋ ಕಳಿಸಿದೆ. ಮರದ ತುಂಡು ಇಟ್ಟಿದ್ದೀರಿ, ವಾರಂಟಿ ಇಲ್ಲ ಅಂದರು. ಸೀಳಿದ ರಿಂಗು? ಅದಕ್ಕೆ ಉತ್ತರವೇ ಇಲ್ಲ. ನನಗೆ ಸಿಟ್ಟು ಬಂದಿದ್ದು ನಿಜ, ಆದರೆ ಲೆಕ್ಕ ಹಾಕಿದರೆ ಮುಕ್ಕಾಲು ಪಾಲು ತಪ್ಪು ನನ್ನದೇ. ರಿಂಗು ಸರಿಯಿಲ್ಲದಿದ್ದರೂ ಎರಡೂ ಲಾಕು ಬಿದ್ದಿದ್ದರೆ ನೆಲ ಗಲೀಜಾಗುತ್ತಿತ್ತು, ಅಷ್ಟೇ.

ಹಾಗಾದರೆ ಹಳೆಯ ಜ್ಯಾಕು, ಸ್ಟ್ಯಾಂಡೇ ವಾಸಿಯೇ ಅಂತ ಕೇಳಬಹುದು. ಅದನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. 2020ರಲ್ಲಿ ಅಮೆರಿಕದಲ್ಲಿ ಸುಮಾರು 17 ಲಕ್ಷ ಜ್ಯಾಕ್ ಸ್ಟ್ಯಾಂಡುಗಳನ್ನು ವಾಪಸ್ ಕರೆಸಿಕೊಂಡರು, ಲಾಕಿನ ಹಲ್ಲುಗಳು ಸರಿಯಾಗಿ ಕಚ್ಚಿಕೊಳ್ಳದೆ ಭಾರ ಬಿದ್ದಾಗ ಕುಸಿಯಬಹುದು ಅಂತ. ಬದಲಿಗೆ ಕೊಟ್ಟವುಗಳಲ್ಲೂ ಕೆಲವನ್ನು ವೆಲ್ಡಿಂಗ್ ಸರಿಯಿಲ್ಲ ಅಂತ ಮತ್ತೆ ಕರೆಸಿಕೊಳ್ಳಬೇಕಾಯಿತು. ಅಂದರೆ ಯಾವುದೇ ಇರಲಿ, ಹಲ್ಲು ಕಚ್ಚಿದೆಯಾ, ಪಟ್ಟಿ ಕೂತಿದೆಯಾ ಅಂತ ನೋಡದೆ ಕೆಳಗೆ ತಲೆ ಹಾಕಬಾರದು.

ಬರೀ ಆಯಿಲ್ ಬದಲಿಸುವುದಷ್ಟೇ ನಿಮ್ಮ ಕೆಲಸವಾದರೆ ಲಿಫ್ಟೇ ಬೇಡ, ಟೈರು ಹತ್ತಿಸುವ ಗಟ್ಟಿ ರ‍್ಯಾಂಪು ಸಾಕು. ಒಂದೇ ತುಂಡಿನ ಕತ್ತರಿ ಲಿಫ್ಟು ಸಿಗುತ್ತದೆ, ಟೈರು ಬ್ರೇಕಿನ ಕೆಲಸಕ್ಕೆ ಚೆನ್ನ, ಆದರೆ ಕಾರಿನ ನಟ್ಟನಡುವೆ ಕೂರುವುದರಿಂದ ಗೇರ್‌ಬಾಕ್ಸೋ ಸೈಲೆನ್ಸರ್ ಪೈಪೋ ಬಿಚ್ಚಲು ಅಡ್ಡ. ನನ್ನ ಹಾಗೆ ಎರಡು ಫ್ರೇಮಿನದ್ದೇ ಬೇಕು ಅಂದರೆ ಮೊದಲು ಟೇಪು ಹಿಡಿದು ಕಾರಿನ ಕೆಳಗೆ ಹೋಗಿ, ಆ ಅಳತೆ ಬರೆದುಕೊಂಡು ಆಮೇಲೆ ಹುಡುಕಿ. ಎಲೆಕ್ಟ್ರಿಕ್ ಕಾರಿನವರು ಇನ್ನೂ ಜಾಸ್ತಿ ಹುಷಾರು, ಹೊಟ್ಟೆಯ ತುಂಬ ಬ್ಯಾಟರಿ, ಭಾರವೂ ಹೆಚ್ಚು, ಪಾಯಿಂಟ್ ತಪ್ಪಿ ಬ್ಯಾಟರಿ ಪೆಟ್ಟಿಗೆಗೆ ಬ್ಲಾಕ್ ಒತ್ತಿದರೆ ಕತೆ ಮುಗಿಯಿತು. 12 ವೋಲ್ಟಿನ ಪಂಪಾದರೆ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಸಾಯುತ್ತಿರುವ ಹಳೆ ಬ್ಯಾಟರಿಗೆ ಸಣ್ಣ ವೈರು ಸಿಕ್ಕಿಸಿ ಅರ್ಧ ದಾರಿಯಲ್ಲಿ ನಿಲ್ಲಿಸಿಕೊಳ್ಳಬೇಡಿ.

ನಾನೀಗ ಹೀಗೆ ಮಾಡುತ್ತೇನೆ. ಟೈರು ನೆಲ ಬಿಟ್ಟ ಕೂಡಲೇ ನಿಲ್ಲಿಸಿ ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸುತ್ತೇನೆ, ಬೀಳುವುದಿದ್ದರೆ ಅಲ್ಲೇ ಬೀಳಲಿ. ಆಮೇಲೆ ಎತ್ತಿ, ಎರಡೂ ಬದಿ ಟಾರ್ಚ್ ಬಿಟ್ಟು ಲಾಕಿನ ಪಟ್ಟಿ ನೋಡಿ, ಇಳಿಸಿ ಕೂರಿಸಿ, ಇನ್ನೊಮ್ಮೆ ನೋಡುತ್ತೇನೆ. ಬಿಚ್ಚಿದ ಚಕ್ರ ಇದ್ದರೆ, ಕಾರು ಕುಸಿದರೂ ತಡೆಯಲಿ ಅಂತ, ಅಂಚಿನ ಕೆಳಗೆ ತಳ್ಳಿರುತ್ತೇನೆ. ಇಳಿಸುವಾಗ ಮೊದಲು ಸ್ವಲ್ಪ ಮೇಲೆತ್ತಿದರೆ ಮಾತ್ರ ಪಟ್ಟಿಯ ಮೇಲಿನ ಭಾರ ಹೋಗುತ್ತದೆ, ಆಗ ಎರಡೂ ಬದಿಯ ಪಟ್ಟಿ ಮಡಚಿಟ್ಟು, ಕೆಳಗೆ ಡಬ್ಬ ಸ್ಪ್ಯಾನರ್ ಏನೂ ಇಲ್ಲ ಅಂತ ನೋಡಿ ಇಳಿಸಬೇಕು. ಒಂದು ಬದಿ ಮಡಚಿ ಇನ್ನೊಂದು ಮರೆತರೆ ಕಾರು ಓರೆಯಾಗಿ ನಿಲ್ಲುತ್ತದೆ.

ಇದನ್ನೆಲ್ಲ ಮಾಡುತ್ತಿರುವುದು ಸ್ನೇಹಿತನ ಲಿಫ್ಟಿನಲ್ಲಿ, ಅದರ ತಟ್ಟೆಗಳು ನನ್ನ ಕಾರಿನ ಪಾಯಿಂಟಿಗೆ ಸರಿಯಾಗಿ ಎಟುಕುತ್ತವೆ. ನನ್ನದು ಮೂಲೆಯಲ್ಲಿ ನಿಂತಿದೆ. ಗಿಡ್ಡ ಕಾರು ಇರುವ ಒಬ್ಬರು ಕೊಡ್ತೀರಾ ಅಂತ ಕೇಳಿದರು. ನಾಲ್ಕೂ ಕನೆಕ್ಟರಿನ ರಿಂಗು ಬದಲಿಸಿ, ಅವರ ಎದುರಿಗೇ ಹತ್ತು ಸಲ ಖಾಲಿ ಎತ್ತಿ ಇಳಿಸುವವರೆಗೂ ಕೊಡುವುದಿಲ್ಲ ಅಂದೆ. ಎರಡು ರಿಂಗು ಸಿಕ್ಕಿವೆ, ಇನ್ನೆರಡು ಆ ಅಳತೆಯವು ಸಿಗುತ್ತಿಲ್ಲ.