ಡಬ್ಬಿಯೊಳಗಿನ ಸತು: ಗೇಟಿಗೆ ಹಚ್ಚಿದ ಜಿಂಕ್ ಪ್ರೈಮರ್ ಹೇಗಿದೆ?

ಡಬ್ಬಿ ಎತ್ತಿದಾಗಲೇ ಅನ್ನಿಸಿತು, ಇದು ಮಾಮೂಲಿ ಬಣ್ಣ ಅಲ್ಲ. ಇರುವುದು ಒಂದೇ ಲೀಟರ್, ತೂಕ ಎರಡು ಕೆಜಿಗೂ ಜಾಸ್ತಿ. ಒಳಗೆ ಮುಕ್ಕಾಲು ಪಾಲು ಸತುವಿನ ಪುಡಿ. ಸತು ನೀರಿಗಿಂತ ಏಳು ಪಟ್ಟು ಭಾರ. ಅದೆಲ್ಲ ತಳ ಹಿಡಿದು ಗಟ್ಟಿಯಾಗಿ ಕೂತಿತ್ತು. ಮೇಲಿನ ತಿಳಿಯನ್ನಷ್ಟೇ ಬಳಿದರೆ ಬರೀ ಅಂಟು ಬಳಿದ ಹಾಗೆ. ಹತ್ತು ನಿಮಿಷ ಕೋಲಿನಲ್ಲಿ ಕಲಕಿದೆ, ಹಚ್ಚುವಾಗಲೂ ನಡುನಡುವೆ ಕಲಕುತ್ತಲೇ ಇದ್ದೆ.

ಇಷ್ಟು ವರ್ಷ ರೆಡ್ ಆಕ್ಸೈಡ್ ಹಚ್ಚುತ್ತಿದ್ದವನು ನಾನು. ಅದು ಕೆಟ್ಟದ್ದೇನಲ್ಲ. ಗಾಳಿ, ನೀರು ಕಬ್ಬಿಣಕ್ಕೆ ತಾಗದಂತೆ ಅಡ್ಡ ನಿಲ್ಲುತ್ತದೆ. ಆದರೆ ಚಿಲಕ ಉಜ್ಜಿ ಒಂದು ಗೀರು ಬಿದ್ದರೆ ಸಾಕು, ತುಕ್ಕು ಅಲ್ಲಿಂದ ಬಣ್ಣದ ಅಡಿಗೇ ನುಗ್ಗುತ್ತದೆ. ಕಬ್ಬಿಣಕ್ಕಿಂತ ತುಕ್ಕಿಗೆ ಹೆಚ್ಚು ಜಾಗ ಬೇಕು, ಹಾಗಾಗಿ ಬಣ್ಣ ಉಬ್ಬಿ ಚೆಕ್ಕೆಚೆಕ್ಕೆಯಾಗಿ ಏಳುತ್ತದೆ.

ಸತುವಿನ ವರಸೆ ಬೇರೆ. ಅದು ಕಬ್ಬಿಣಕ್ಕಿಂತ ಚುರುಕು ಲೋಹ. ಎರಡೂ ತಾಗಿಕೊಂಡು ಒದ್ದೆಯಾದರೆ ಸತು ತಾನೇ ಸವೆದು ಕಬ್ಬಿಣವನ್ನು ಉಳಿಸುತ್ತದೆ. (ತವರ ಬಳಿದ ತಗಡಿನಲ್ಲಿ ಉಲ್ಟಾ: ಗೀರು ಬಿದ್ದ ಕಡೆ ಕಬ್ಬಿಣವೇ ಬೇಗ ತುಕ್ಕು ಹಿಡಿಯುತ್ತದೆ.) ಓದಿದ್ದನ್ನು ಹಾಗೇ ನಂಬುವ ಪೈಕಿ ನಾನಲ್ಲ. ಎರಡು ಕಬ್ಬಿಣದ ಪಟ್ಟಿ ತೆಗೆದುಕೊಂಡು ಒಂದಕ್ಕೆ ರೆಡ್ ಆಕ್ಸೈಡ್, ಇನ್ನೊಂದಕ್ಕೆ ಇದನ್ನು ಹಚ್ಚಿ ಒಣಗಿಸಿದೆ. ಎರಡರ ಮೇಲೂ ಮೊಳೆಯಿಂದ ಕಬ್ಬಿಣ ಕಾಣುವಷ್ಟು ಆಳಕ್ಕೆ ಗೀರಿ, ಉಪ್ಪುನೀರಲ್ಲಿ ನೆನೆಸಿದ ಬಟ್ಟೆ ಸುತ್ತಿಟ್ಟೆ. ನಾಲ್ಕನೇ ದಿನ ಬಿಚ್ಚಿದರೆ ಮೊದಲನೆಯದರ ಗೀರಿನಿಂದ ಕೆಂಪು ಸೋರಿ ಬಟ್ಟೆಗೂ ಕಲೆ. ಎರಡನೆಯದರ ಗೀರಿನ ಅಂಚಿಗೆ ಬಿಳಿ ಪುಡಿ ಕಟ್ಟಿತ್ತು, ಅಷ್ಟೇ. ಸವೆದ ಸತು ಅದು.

ಇನ್ನು ತಕರಾರು. ಡಬ್ಬಿಯ ಮೇಲೆ ‘ತುಕ್ಕಿನ ಮೇಲೆಯೇ ಹಚ್ಚಬಹುದು’ ಎಂದು ದೊಡ್ಡದಾಗಿ ಬರೆದಿದೆ. ಶುದ್ಧ ಸುಳ್ಳು. ಸತುವಿನ ಕಣಗಳು ಬರಿಯ ಕಬ್ಬಿಣಕ್ಕೆ ತಾಗಿ ವಿದ್ಯುತ್ ಹರಿದರೆ ಮಾತ್ರ ಈ ಆಟ ನಡೆಯುವುದು. ನಡುವೆ ತುಕ್ಕೋ ಹಳೆ ಬಣ್ಣವೋ ಇದ್ದರೆ ಇದೂ ಇನ್ನೊಂದು ಬೂದು ಬಣ್ಣ. ವೈರ್ ಬ್ರಷ್, ಆಮೇಲೆ ಎಮರಿ ಪೇಪರ್ ಹಾಕಿ ಕಬ್ಬಿಣ ಹೊಳೆಯುವ ತನಕ ತಿಕ್ಕಲೇಬೇಕು. ನನಗೆ ಎರಡು ಭಾನುವಾರ ಹಿಡಿಯಿತು.

ಇನ್ನೊಂದು ಎಡವಟ್ಟು ನನ್ನದೇ. ಬೂದು ಬಣ್ಣ ಚೆನ್ನಾಗಿ ಕಾಣುವುದಿಲ್ಲವೆಂದು ಒಂದು ಬಾಗಿಲಿಗೆ ನೇರವಾಗಿ ಎನಾಮಲ್ ಹೊಡೆದೆ. ಕೆಲವೇ ತಿಂಗಳಲ್ಲಿ ಹಾಳೆಹಾಳೆಯಾಗಿ ಕಿತ್ತುಬಂತು. ಎನಾಮಲಿನ ಎಣ್ಣೆ ಅಂಶ ಸತುವಿನ ಜೊತೆ ಸೇರಿ ಸಾಬೂನಿನಂಥದ್ದಾಗುತ್ತದಂತೆ, ಹಿಡಿತವೇ ಇರುವುದಿಲ್ಲ. ನಡುವೆ ಎಪಾಕ್ಸಿ ಕೋಟ್ ಕೊಡಬೇಕಿತ್ತು. ಈ ಎಚ್ಚರಿಕೆ ಡಬ್ಬಿಯ ಮೇಲೆ ಎಲ್ಲೂ ಇಲ್ಲ.

ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿಗೆ ಅದ್ದಿ ತೆಗೆದ ಗ್ಯಾಲ್ವನೈಸ್ಡ್ ಕಬ್ಬಿಣಕ್ಕೆ ಇದು ಸಾಟಿಯಲ್ಲ. ಅಲ್ಲಿ ಸತು ಕಬ್ಬಿಣದೊಂದಿಗೇ ಬೆಸೆದುಕೊಂಡಿರುತ್ತದೆ. ಆದರೆ ನಿಂತಿರುವ ಗೇಟನ್ನು ಕಿತ್ತು ಅದ್ದುವುದಕ್ಕಾಗುತ್ತದೆಯೇ? ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಆ ಸುಳ್ಳಿಗೆ.

ಒಂದು ಮಳೆಗಾಲ ಕಳೆದಿದೆ. ಚಿಲಕ ಉಜ್ಜುವ ಜಾಗ ಇನ್ನೂ ಬೂದಾಗಿಯೇ ಇದೆ. ಕೆಳಗಿನ ಕೀಲಿನ ಹಿಂದೆ ಮಾತ್ರ ಕಂದು ಕಲೆ ಎದ್ದಿದೆ. ಬ್ರಷ್ ಹೋಗುವುದಿಲ್ಲವೆಂದು ತಿಕ್ಕದೆ ಬಿಟ್ಟಿದ್ದು ಅದೊಂದೇ ಜಾಗ.